ರೇಷ್ಮೆಯ ಒಳಗುಟ್ಟು



ರಾಮನಗರದಲ್ಲಿ ನೂಲು ತೆಗೆಯುವ ಮುನ್ನ ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸುತ್ತಾರೆ. ಹೊರಗಿನ ಅಂಟು ಮೆತ್ತಗಾಗುತ್ತದೆ. ಒಳಗಿನ ಎಳೆ ಮಾತ್ರ ಕರಗುವುದಿಲ್ಲ. ಏಕೆ?

ಎಳೆಯೆಂದರೆ ಫೈಬ್ರಾಯಿನ್ ಎಂಬ ಪ್ರೋಟೀನು; ಉದ್ದನೆಯ ಸರಪಳಿಯಂಥ ಅಣುಗಳ ಪಾಲಿಮರ್. ಹುಳುವಿನ ಗ್ರಂಥಿಯಲ್ಲಿ ಈ ಸರಪಳಿಗಳು ಸಡಿಲ. ನೂಲಾಗುವಾಗ ಪಕ್ಕಪಕ್ಕ ಸೇರಿ ಹಾಳೆಗಳಂತೆ ಬಿಗಿಯುತ್ತವೆ. ನೀರು ಅವನ್ನು ಬಿಡಿಸಲಾರದು.

ಈ ಜೋಡಣೆಯನ್ನು ತೋರಿಸಿಕೊಡುವುದು ಅವಕೆಂಪು ಕಿರಣ. 1800ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್, ಬಿಸಿಲಿನ ವರ್ಣಪಟಲದಲ್ಲಿ ಕೆಂಪಿನಾಚೆ ಉಷ್ಣಮಾಪಕವಿಟ್ಟು ಇದನ್ನು ಕಂಡುಹಿಡಿದರು. ಅಣುಬಂಧಗಳು ಸದಾ ಕಂಪಿಸುತ್ತಿರುತ್ತವೆ. ಕಂಪನಕ್ಕೆ ಹೊಂದುವ ಕಿರಣವನ್ನಷ್ಟೇ ಹೀರುತ್ತವೆ. ಸಡಿಲ ಸರಪಳಿ ಹೀರುವುದು ಸೆಂಟಿಮೀಟರಿಗೆ ಸುಮಾರು 1650 ಅಲೆಗಳ ಕಿರಣವನ್ನು. ಹಾಳೆಯಾದದ್ದು ಸುಮಾರು 1625 ಅಲೆಗಳದ್ದನ್ನು.

ರೇಷ್ಮೆಯನ್ನು ಲವಣದ್ರಾವಣದಲ್ಲಿ ಕರಗಿಸಿ, ಲವಣ ತೆಗೆದು ತೆಳುಪೊರೆ ಮಾಡಿದರೆ ಸರಪಳಿಗಳು ಮತ್ತೆ ಸಡಿಲ. ಆ ಪೊರೆ ನೀರಿನಲ್ಲಿ ಕರಗುತ್ತದೆ. ಅದನ್ನೇ 200 ಡಿಗ್ರಿ ಸೆಲ್ಷಿಯಸ್ ದಾಟಿಸಿ ಕಾಯಿಸಿದರೆ ಹೀರಿಕೆ 1625ರತ್ತ ಜಾರುತ್ತದೆ, ತಣಿದರೂ ಹಿಂದಿರುಗದು. ಹಬೆಯಿದ್ದರೆ ಇನ್ನೂ ಕಡಿಮೆ ಬಿಸಿ ಸಾಕು.

ಇದರಿಂದೇನು? ದೇಹದೊಳಗೆ ಇಡುವ ರೇಷ್ಮೆಪೊರೆ ಬೇಗ ಕರಗಬೇಕೇ, ಬಹುಕಾಲ ಉಳಿಯಬೇಕೇ ಎಂಬುದು ಈ ಬಿಗಿತವನ್ನು ಅವಲಂಬಿಸಿದೆ. ಗೂಡಿನ ಹದವನ್ನು ನೂಲು ತೆಗೆಯುವವರ ಕೈ ಅರಿಯುತ್ತದೆ. ಸರಪಳಿಯ ಹದವನ್ನು ಹೇಳುವುದು ಈ ಕಾಣದ ಬೆಳಕು.