ಎರಡನೆಯ ಉತ್ತರವನ್ನು ಏನು ಮಾಡೋಣ?



ಸಿದ್ಧಕಟ್ಟೆಯಲ್ಲಿ ನಿಂತು ವರ್ಗ ಸಮೀಕರಣದ ಮಾತಾಡುವವನು ಉದಾಹರಣೆಗಾಗಿ ಅಡಿಕೆ ತೋಟ ದಾಟಿ ಹೋಗಬೇಕಾಗಿಲ್ಲ. ತೋಡಿನ ಬದಿಯಲ್ಲಿ ಆಯತಾಕಾರದ ಜಾಗವೊಂದಿದೆ ಎನ್ನಿ. ತೋಡಿನ ಕಡೆ ಬೇಲಿ ಬೇಡ. ಉಳಿದ ಮೂರು ಬದಿಗೆ ಒಟ್ಟು 100 ಮೀಟರ್ ಬೇಲಿ ಹಾಕುವಷ್ಟು ತಂತಿ ಇದೆ. ಒಳಗೆ 1200 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ 30 ಸೆಂಟ್ಸ್ ಸಿಗಬೇಕು. ಉದ್ದ ಅಗಲ ಎಷ್ಟು?

ತೋಡಿನಿಂದ ಒಳಗೆ ಬರುವ ಬದಿಯನ್ನು ‘ಯ’ ಎನ್ನೋಣ. ಅಂಥವು ಎರಡು, ಆದ್ದರಿಂದ ತೋಡಿನುದ್ದಕ್ಕೆ ಉಳಿಯುವುದು 100 − 2ಯ. ಗುಣಿಸಿ ಸರಿಪಡಿಸಿದರೆ ಯ² − 50ಯ + 600 = 0. ಮೂಲಗಳು 20 ಮತ್ತು 30. ಒಂದರಲ್ಲಿ ಜಾಗ 20 × 60, ಇನ್ನೊಂದರಲ್ಲಿ 30 × 40. ಎರಡೂ ಧನ, ಎರಡೂ ಸರಿ.

ತರಗತಿಯಲ್ಲಿ ನಾವು ಇಲ್ಲಿಗೆ ನಿಲ್ಲಿಸಿ ಅಡಿಗೆರೆ ಎಳೆಯುತ್ತೇವೆ. ತೋಟದವರಿಗಾದರೆ ಲೆಕ್ಕ ಶುರುವಾಗುವುದೇ ಇಲ್ಲಿಂದ. ಆಟಿಯ ಮಳೆಗೆ ತೋಡಿನ ದಡ ಕುಸಿಯುತ್ತದೆಂದು 3 ಮೀಟರ್ ಬಿಟ್ಟು ಸಸಿ ನೆಡುವುದಾದರೆ ಮೊದಲನೆಯದರಲ್ಲಿ 180 ಚದರ ಮೀಟರ್ ಹೋಯಿತು, ಎರಡನೆಯದರಲ್ಲಿ 120 ಮಾತ್ರ. ನಿಮ್ಮ ಗಡಿಯೊಳಗೆ ತೋಡು 50 ಮೀಟರ್ ಮಾತ್ರ ಹರಿಯುತ್ತಿದ್ದರೆ 20 × 60 ಎಂಬ ಮಾತೇ ಇಲ್ಲ. ಇದನ್ನು ಸಮೀಕರಣ ಹೇಳುವುದಿಲ್ಲ, ಜಾಗ ಹೇಳಬೇಕು.

ಅದೇ ತಂತಿಯಲ್ಲಿ 1300 ಚದರ ಮೀಟರ್ ಬೇಕೆಂದರೆ? ಆಗ ಶೋಧಕ 2500 − 2600, ಅಂದರೆ −100. ಆಯತವನ್ನು ಹೇಗೆ ತಿರುಗಿಸಿ ಹಾಕಿದರೂ ಆ ತಂತಿಗೆ 1250ಕ್ಕಿಂತ ಹೆಚ್ಚು ಸಿಕ್ಕದು. ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಒಂಬತ್ತನೆಯ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಬರೆದವನು ಮಹಾವೀರಾಚಾರ್ಯ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ. ಜೈನರು ಗಣಿತವನ್ನು ಎಷ್ಟು ಹಚ್ಚಿಕೊಂಡಿದ್ದರೆಂದು ದೂರ ಹೋಗಿ ಕೇಳಬೇಕಿಲ್ಲ. ಗಣಿತ ತುಂಬಿದ ‘ಧವಲಾ’ ಟೀಕೆಯ ತಾಳೆಗರಿಗಳನ್ನು ಶತಮಾನಗಟ್ಟಲೆ ಕಾಪಾಡಿದ್ದು ಪಕ್ಕದ ಮೂಡುಬಿದಿರೆಯ ಬಸದಿ.

ಧನ ಉತ್ತರವನ್ನೂ ಬಿಡಬೇಕಾದೀತು. ಭಾಸ್ಕರಾಚಾರ್ಯನ ‘ಬೀಜಗಣಿತ’ದಲ್ಲಿ ಮಂಗಗಳ ಲೆಕ್ಕವೊಂದಿದೆ: ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರು ಕಳೆದು, ಉಳಿದದ್ದರ ವರ್ಗದಷ್ಟು ಗುಹೆ ಸೇರಿದವು, ಒಂದು ಮಾತ್ರ ಕಾಣುತ್ತಿದೆ. ಉತ್ತರ 50 ಅಥವಾ 5. ಐದನ್ನು ಭಾಸ್ಕರ ಒಪ್ಪುವುದಿಲ್ಲ. ಐದರ ಐದನೆಯ ಭಾಗ ಒಂದು. ಒಂದರಲ್ಲಿ ಮೂರು ಕಳೆದರೆ ಋಣ, ಅಂಥ ಮಂಗವನ್ನು ಲೋಕ ನಂಬುವುದಿಲ್ಲ. ಉತ್ತರವನ್ನು ಕಥೆಯೊಳಗೆ ಮರಳಿ ಇಟ್ಟು ನೋಡಿದ್ದರಿಂದಲೇ ಅವನಿಗೆ ಇದು ಗೊತ್ತಾದದ್ದು.

ಈಗ ಋಣ ಉತ್ತರದ ಸರದಿ. ಹತ್ತನೆಯ ತರಗತಿಯ ಪಠ್ಯಪುಸ್ತಕದಲ್ಲೇ ಇದೆ: 13 ಮೀಟರ್ ವ್ಯಾಸದ ವೃತ್ತಾಕಾರದ ಉದ್ಯಾನ, ವ್ಯಾಸದ ಎರಡು ತುದಿಯಲ್ಲಿ ಎರಡು ಗೇಟು. ಅಂಚಿನ ಮೇಲೊಂದು ಕಂಬ ನಿಲ್ಲಿಸಬೇಕು. ಗೇಟುಗಳಿಂದ ಅದರ ದೂರಗಳ ವ್ಯತ್ಯಾಸ 7 ಮೀಟರ್. ಅರ್ಧವೃತ್ತದ ಕೋನ ಲಂಬಕೋನ; ಹತ್ತಿರದ ಗೇಟಿನ ದೂರವನ್ನು ‘ಯ’ ಎಂದಿಟ್ಟು ಪೈಥಾಗೊರಸನ ಪ್ರಮೇಯ ಹಾಕಿದರೆ ಯ² + 7ಯ − 60 = 0. ಹತ್ತಿರದ ಗೇಟಿಗೆ 5 ಮೀಟರ್. ಇನ್ನೊಂದು ಮೂಲ −12. ದೂರ ಋಣವಾಗದು ಎಂದು ಬರೆದು ಮಕ್ಕಳು ಅದನ್ನು ಹೊಡೆದು ಹಾಕುತ್ತಾರೆ, ಪೂರ್ತಿ ಅಂಕವೂ ಬರುತ್ತದೆ. ಆದರೆ ದೂರದ ಗೇಟು ಎಷ್ಟು ದೂರ? 12 ಮೀಟರ್! ಹೊಡೆದು ಹಾಕಿದ್ದು ಇನ್ನೊಂದು ಗೇಟಿನ ದೂರವನ್ನೇ. ದೂರದ ಗೇಟಿನಿಂದಲೇ ‘ಯ’ ಅಳೆದು ನೋಡಿ, ಸಮೀಕರಣ ಯ² − 7ಯ − 60 = 0 ಆಗಿ ಮೂಲಗಳು 12 ಮತ್ತು −5 ಬರುತ್ತವೆ. ಯಾವ ಗೇಟಿನಲ್ಲಿ ನಿಂತಿದ್ದೇವೆಂಬುದರ ಮೇಲೆ ಚಿಹ್ನೆ ಅದಲುಬದಲಾಯಿತು, ಅಷ್ಟೆ. ಇಷ್ಟು ಸೊಗಸಾದ ಸಂಗತಿಯನ್ನು ಒಂದು ಗೀಟು ಹಾಕಿ ಮುಗಿಸುವುದು ನನಗಂತೂ ಸಂಕಟದ ವಿಷಯ.

ವರ್ಗ ಕಂಡಲ್ಲೆಲ್ಲ ಸೂತ್ರ ಹಾಕಬೇಕೆಂದೂ ಇಲ್ಲ. ಭಾಸ್ಕರನದೇ ‘ಲೀಲಾವತಿ’ಯ ಮುರಿದ ಬಿದಿರು ನೋಡಿ: 32 ಮೊಳದ ಬಿದಿರು ಗಾಳಿಗೆ ಮುರಿದು, ತುದಿ ಬುಡದಿಂದ 16 ಮೊಳದಲ್ಲಿ ನೆಲ ಮುಟ್ಟಿತು. (32 − ಯ)² = ಯ² + 256 ಎಂದು ಬರೆದರೆ ಎರಡೂ ಕಡೆಯ ಯ² ಹಾರಿಹೋಗಿ, ಮುರಿದ ಎತ್ತರ 12 ಮೊಳ ಎಂದು ನೇರವಾಗಿ ಬರುತ್ತದೆ.

ಅಧ್ಯಾಪಕರಲ್ಲಿ ಒಂದು ಬೇಡಿಕೆ. ಮುಂದಿನ ಕಿರುಪರೀಕ್ಷೆಯಲ್ಲಿ ವರ್ಗ ಸಮೀಕರಣದ ಲೆಕ್ಕ ಕೊಟ್ಟಾಗ, ಎರಡೂ ಮೂಲಗಳ ಬಗ್ಗೆ ಒಂದೊಂದು ವಾಕ್ಯ ಬರೆಯಲು ಹೇಳಿ: ಇದು ಜಾಗದಲ್ಲಿ ಏನನ್ನು ಸೂಚಿಸುತ್ತದೆ, ಬಿಡುವುದಾದರೆ ಯಾಕೆ ಬಿಟ್ಟೆ ಎಂದು. ಅದಕ್ಕೆ ಒಂದು ಅಂಕ ಮೀಸಲಿಡಿ.