ಲೊಯೋಲಾ ಹೆಸರಿನ ಅಂಗಳಗಳು

ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿ ಯೇಸುಸಭೆಯ ಗುರುಗಳು ನಡೆಸುವ ಶಾಲೆಗೆ ಲೊಯೋಲಾ ಎಂದು ಹೆಸರು. ಸಂತ ಇಗ್ನೇಷಿಯಸ್ ಲೊಯೋಲಾ ಕಟ್ಟಿದ ಈ ಸಭೆಗೆ 1540ರಲ್ಲಿ ಪೋಪರ ಮನ್ನಣೆ ದೊರೆಯಿತು. ಇದೇ ಸಭೆ 1814ರಲ್ಲಿ ಐರ್ಲೆಂಡಿನಲ್ಲಿ ತೆರೆದ ಕ್ಲೋಂಗೋಸ್ ವುಡ್ ಶಾಲೆ ರಗ್ಬಿಗೆ ಹೆಸರಾಗಿದೆ. ಕಾದಂಬರಿಕಾರ ಜೇಮ್ಸ್ ಜಾಯ್ಸ್ ಎಳೆವಯಸ್ಸಿನಲ್ಲಿ ಅಲ್ಲಿ ಓದಿದ್ದರು.

ರಗ್ಬಿಯ ಚೆಂಡು ಮೊಟ್ಟೆಯಾಕಾರದ್ದು. ತಂಡಕ್ಕೆ 15 ಮಂದಿ. 2016ರಿಂದ ಒಲಿಂಪಿಕ್ಸ್‌ನಲ್ಲಿರುವ ಪ್ರಕಾರದಲ್ಲಿ 7. ಚೆಂಡು ಹಿಡಿದವನು ಮುಂದಕ್ಕೆ ಓಡಬಹುದು, ಆದರೆ ಕೈಯಿಂದ ಎಸೆಯುವುದಾದರೆ ಪಕ್ಕಕ್ಕೆ ಇಲ್ಲವೇ ಹಿಂದಕ್ಕೇ ಎಸೆಯಬೇಕು. ಆಟದ ಚೆಲುವೆಲ್ಲ ಈ ಒಂದು ನಿಯಮದಲ್ಲೇ ಇದೆ: ಮುನ್ನುಗ್ಗುವವನು ಬೆನ್ನ ಹಿಂದೆ ಓಡಿಬರುವ ಗೆಳೆಯರನ್ನು ನಂಬಲೇಬೇಕು.

ರಾಯಚೂರು, ದೇವದುರ್ಗ, ಮಾನ್ವಿಯ ಮಕ್ಕಳಿಗೆ ಇದರ ಹತ್ತಿರದ ನೆಂಟ ಕಬಡ್ಡಿ. ಸೊಂಟಕ್ಕೆ, ಕಾಲಿಗೆ ಕೈಹಾಕಿ ಎದುರಾಳಿಯನ್ನು ಕೆಡಹುವ ಪಟ್ಟು ಎರಡರಲ್ಲೂ ಉಂಟು. ರಗ್ಬಿಯಲ್ಲಿ ಭುಜಕ್ಕಿಂತ ಮೇಲೆ ಹಿಡಿಯುವುದು ತಪ್ಪು. ಕಬಡ್ಡಿಯ ದಾಳಿಗಾರ ಒಬ್ಬನೇ ಹೋಗಿ, ಉಸಿರು ಬಿಗಿಹಿಡಿದು ಮರಳಬೇಕು. ರಗ್ಬಿಯಲ್ಲಿ ಒಂಟಿಯಾಗಿ ಸಿಕ್ಕಿಬಿದ್ದವನ ಚೆಂಡು ಬಹುಬೇಗ ಎದುರಾಳಿಗಳ ಪಾಲಾಗುತ್ತದೆ. ಬಿದ್ದೇಳುವ ಈ ಆಟಕ್ಕೆ ಮೆತ್ತನೆಯ ಹುಲ್ಲುನೆಲ ಬೇಕು. ಆದರೆ ಈ ಸೀಮೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಗಟ್ಟಿಯಾಗುತ್ತದೆ.