ಸಮುದಾಯದ ಆಸ್ಪತ್ರೆ: ಉಡುಪಿನ ನಿಯಮ ಯಾರಿಗಾಗಿ?

(ಸಮುದಾಯದ ಟ್ರಸ್ಟೊಂದು ನಡೆಸುತ್ತಿರುವ ಆಸ್ಪತ್ರೆಯ ಸಿಬ್ಬಂದಿ ಮತ್ತು ಆಡಳಿತ ಮಂಡಳಿಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಸಿಬ್ಬಂದಿಯ ಉಡುಪು ಮತ್ತು ವರ್ತನೆಯ ಬಗ್ಗೆ ಈ ಆಸ್ಪತ್ರೆಯು ನಿಯಮಾವಳಿಯೊಂದನ್ನು ಸಿದ್ಧಪಡಿಸುತ್ತಿದೆ. ಅದರ ಕರಡನ್ನು ಓದಿ ನಾಲ್ಕು ಮಾತು ಹೇಳಬೇಕೆಂದು ನಮ್ಮನ್ನು ಕರೆದಿದ್ದೀರಿ. ನಾವು ವೈದ್ಯರಲ್ಲ. ಮದ್ರಸದಲ್ಲಿ ಕಲಿತು ಪತ್ರಿಕೆಯಲ್ಲಿ ಬರೆಯುತ್ತಿರುವವರು. ಆದುದರಿಂದ ಧರ್ಮದ ಒಬ್ಬ ವಿದ್ಯಾರ್ಥಿಯಾಗಿ ಹಾಗೂ ರೋಗಿಯ ಕಡೆಯ ಮನುಷ್ಯನಾಗಿ ಮಾತ್ರ ಮಾತನಾಡಬಲ್ಲೆವು.

ಕರಡಿನಲ್ಲಿ ಉಗುರು, ಕೂದಲು, ಗಡ್ಡ, ಪಾದರಕ್ಷೆ, ಸಮವಸ್ತ್ರದ ಬಣ್ಣ, ಶಿರವಸ್ತ್ರ, ಹೆಸರಿನ ಬಿಲ್ಲೆ ಮುಂತಾದ ಹಲವು ಸಂಗತಿಗಳಿವೆ. ಬಹುಪಾಲು ಒಳ್ಳೆಯವೇ. ಆದರೆ ‘ಸಂಸ್ಥೆಯ ಘನತೆ’ ಎಂಬ ಮಾತು ಪುಟ ಪುಟದಲ್ಲೂ ಸಿಗುತ್ತದೆ, ‘ರೋಗಿ’ ಎಂಬ ಪದವನ್ನು ಹುಡುಕಬೇಕಾಗುತ್ತದೆ. ನಮ್ಮ ಇಂದಿನ ಮಾತೆಲ್ಲ ಈ ಒಂದು ಕೊರತೆಯ ಕುರಿತೇ ಆಗಿದೆ. ಉಡುಪಿನ ನಿಯಮ ಯಾರಿಗಾಗಿ? ಸಂಸ್ಥೆಯ ಮರ್ಯಾದೆಗಾಗಿಯೇ, ಸಮುದಾಯದ ಗುರುತಿಗಾಗಿಯೇ ಅಥವಾ ಮಂಚದ ಮೇಲೆ ನೋವಿನಿಂದ ಮಲಗಿರುವ ಮನುಷ್ಯನಿಗಾಗಿಯೇ?

ನಮ್ಮ ಒಂದು ಅನುಭವವನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯನ್ನು ಬೇರೊಂದು ಊರಿನ ಆಸ್ಪತ್ರೆಗೆ ಸೇರಿಸಿದ್ದೆವು. ಅದೂ ನಮ್ಮವರೇ ನಡೆಸುವ ಆಸ್ಪತ್ರೆ. ಗೋಡೆಗಳ ಮೇಲೆ ಸುಂದರವಾದ ಅರಬಿ ಬರಹಗಳಿದ್ದವು. ದಾದಿಯರೆಲ್ಲರೂ ತಲೆವಸ್ತ್ರ ಧರಿಸಿದ್ದರು. ಸ್ಕ್ಯಾನಿಂಗ್‌ಗೆಂದು ತಾಯಿಯನ್ನು ಸ್ಟ್ರೆಚರ್‌ನಲ್ಲಿ ಮಲಗಿಸಿ, ಜನರಿಂದ ತುಂಬಿದ್ದ ಕಾರಿಡಾರ್‌ನ ಮೂಲಕ ಕೊಂಡೊಯ್ದರು. ಹೊದಿಕೆ ಜಾರಿತ್ತು. ಆಸ್ಪತ್ರೆಯವರು ತೊಡಿಸಿದ್ದ ನಿಲುವಂಗಿ ಹಿಂಬದಿಯಲ್ಲಿ ತೆರೆದುಕೊಂಡಿತ್ತು. ಜೀವಮಾನವಿಡೀ ತಲೆಯ ಮೇಲಿನ ಸೆರಗು ಜಾರಲು ಬಿಡದ ಆ ಜೀವ ಅವಮಾನದಿಂದ ಕಣ್ಣು ಮುಚ್ಚಿಕೊಂಡಿತು. ಔಷಧದ ಚೀಟಿ ಹಿಡಿದು ನಾವು ಹಿಂದಿನಿಂದ ಓಡಿ ಬರುವಷ್ಟರಲ್ಲಿ, ನೆಲ ಒರೆಸುತ್ತಿದ್ದ ಮಹಿಳೆಯೊಬ್ಬರು ಬಕೆಟ್ ಬದಿಗಿಟ್ಟು, ಸ್ಟ್ರೆಚರನ್ನು ತಡೆದು ನಿಲ್ಲಿಸಿ, ಹೊದಿಕೆಯನ್ನು ತಾಯಿಯ ಕೊರಳವರೆಗೆ ಎಳೆದು ಸರಿಪಡಿಸಿದರು. ಆಕೆಯ ಹಣೆಯಲ್ಲಿ ಕುಂಕುಮವಿತ್ತು. ಗುತ್ತಿಗೆಯ ಕೆಲಸದವರಾದುದರಿಂದ ಸಮವಸ್ತ್ರವೂ ಇರಲಿಲ್ಲ, ಹೆಸರಿನ ಬಿಲ್ಲೆಯೂ ಇರಲಿಲ್ಲ. ಮನೆಗೆ ಮರಳಿದ ಮೇಲೆ ತಾಯಿ ಆಕೆಯ ಹೆಸರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಪ್ರವಾದಿವರ್ಯರ(ಸ) ಮಸೀದಿಯನ್ನು ಗುಡಿಸುತ್ತಿದ್ದ ಓರ್ವ ಮಹಿಳೆಯ ಕುರಿತು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿ ವರದಿಯಿದೆ. ಆಕೆ ಕಾಣಿಸದಾದಾಗ ಪ್ರವಾದಿವರ್ಯರು(ಸ) ವಿಚಾರಿಸಿದರು. ನಿಧನರಾದರೆಂದು ಸಂಗಾತಿಗಳು ತಿಳಿಸಿದರು. ತಮಗೆ ಏಕೆ ಹೇಳಲಿಲ್ಲವೆಂದು ಅವರನ್ನು ಆಕ್ಷೇಪಿಸಿ, ಆಕೆಯ ಗೋರಿಯ ಬಳಿಗೆ ತೆರಳಿ ಪ್ರಾರ್ಥಿಸಿದರು. ಗುಡಿಸುವವರ ಇರವನ್ನೂ ಅಗಲಿಕೆಯನ್ನೂ ವಿಚಾರಿಸಿದ ನಾಯಕರ ಅನುಯಾಯಿಗಳು ನಾವು. ನಮ್ಮ ಸಂಸ್ಥೆಗಳಲ್ಲಿ ಗುಡಿಸುವವರಿಗೆ ಹೆಸರೇ ಇಲ್ಲದಿರುವುದು ಸರಿಯೇ?

ಮಾನ್ಯರೇ, ರೋಗಿಗಳ ಸೇವೆ ನಮಗೆ ಇತ್ತೀಚೆಗೆ ಬಂದ ವಿಚಾರವಲ್ಲ. ಕ್ರಿ.ಶ. 627ರ ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರ ಆರೈಕೆಗಾಗಿ ಮದೀನಾದ ಮಸೀದಿಯಲ್ಲೇ ಡೇರೆ ಹಾಕಲಾಯಿತು. ಆರೈಕೆಯ ಹೊಣೆ ಹೊತ್ತವರು ರುಫೈದಾ(ರ) ಎಂಬ ಮಹಿಳೆ. 1154ರಲ್ಲಿ ನೂರುದ್ದೀನ್ ಝಂಗಿಯು ದಮಾಸ್ಕಸ್‌ನಲ್ಲಿ ಆಸ್ಪತ್ರೆ ಸ್ಥಾಪಿಸಿದನು. ಮುಂದೆ ಅದೇ ಆಸ್ಪತ್ರೆಯ ಔಷಧದಿಂದ ಗುಣಮುಖನಾದ ಖಲಾವೂನ್ ಎಂಬಾತನು ಈಜಿಪ್ಟಿನ ಸುಲ್ತಾನನಾದ ಬಳಿಕ, 1284ರಲ್ಲಿ ಕೈರೋದಲ್ಲಿ ಮನ್ಸೂರಿ ಆಸ್ಪತ್ರೆಯನ್ನು ಕಟ್ಟಿಸಿದನು. ಬಡವ ಶ್ರೀಮಂತ, ಗಂಡು ಹೆಣ್ಣು, ಊರವ ಪರದೇಶಿ ಎಂಬ ಭೇದವಿಲ್ಲದೆ ಎಲ್ಲರಿಗೂ ಅದರ ಬಾಗಿಲು ತೆರೆದಿರಬೇಕೆಂಬುದು ಅದರ ವಕ್ಫ್‌ನ ಶರತ್ತಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಅರ್‍ರುಹಾವಿ ಎಂಬ ವೈದ್ಯರು ವೈದ್ಯನ ಶಿಷ್ಟಾಚಾರದ ಬಗ್ಗೆ ಅರಬಿಯಲ್ಲಿ ಒಂದು ಗ್ರಂಥವನ್ನೇ ಬರೆದರು. ವೈದ್ಯನಾದವನು ತನ್ನ ದೇಹವನ್ನು ಹೇಗೆ ಕಾಪಾಡಿಕೊಳ್ಳಬೇಕೆಂಬ ವಿಷಯಕ್ಕೆ ಅದರಲ್ಲಿ ಪ್ರತ್ಯೇಕ ಅಧ್ಯಾಯವಿದೆ.

ನೆರೆಹೊರೆಯಿಂದಲೂ ನಾವು ಕಲಿಯಬೇಕಾದುದಿದೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಔಷಧಾಲಯ, ಉಡುಪಿಯಲ್ಲಿ 1923ರಲ್ಲಿ ಡಾ. ಇವಾ ಲೊಂಬಾರ್ಡ್ ಆರಂಭಿಸಿದ ಆಸ್ಪತ್ರೆ ಇಂದು ದೊಡ್ಡ ಸಂಸ್ಥೆಗಳಾಗಿವೆ. ಅವುಗಳ ಸ್ಥಾಪಕರ ಧರ್ಮ ಬೇರೆ. ಆದರೆ ರೋಗಿಯ ಧರ್ಮ ಕೇಳದೆ ಬಾಗಿಲು ತೆರೆದುದರಿಂದಲೇ ಅವು ಜನರ ವಿಶ್ವಾಸ ಗಳಿಸಿದವು.

ಇನ್ನು ಕರಡಿನ ವಿಷಯಕ್ಕೆ ಬರೋಣ. ಮೊದಲನೆಯದು ಕೈಗಳು. ದಿನಕ್ಕೆ ಐದು ಹೊತ್ತು ಮೊಣಕೈವರೆಗೆ ತೊಳೆಯುವ ಸಮುದಾಯ ನಮ್ಮದು. ಬೆರಳ ಸಂದುಗಳಿಗೆ ನೀರು ತಲುಪಬೇಕು, ಬಿಗಿಯಾದ ಉಂಗುರವನ್ನು ಸರಿಸಿ ತೊಳೆಯಬೇಕು, ಉಗುರಿನ ಮೇಲೆ ನೀರು ತಡೆಯುವ ಲೇಪವಿರಬಾರದು ಎಂಬುದು ಮದ್ರಸದ ಮಕ್ಕಳಿಗೂ ಗೊತ್ತು. ಉಗುರು ಕತ್ತರಿಸುವುದನ್ನು ಪ್ರವಾದಿವರ್ಯರು(ಸ) ಮನುಷ್ಯನ ಸಹಜ ಪ್ರಕೃತಿಯ ಭಾಗವೆಂದು ಕಲಿಸಿದರು. ಹಸಿ ಬೆಳ್ಳುಳ್ಳಿ ತಿಂದವರು ಮಸೀದಿಯಿಂದ ದೂರವಿರಲಿ ಎಂದರು. ಪಕ್ಕದವನಿಗೆ ತೊಂದರೆಯಾಗಬಾರದೆಂಬುದೇ ಅದರ ಕಾರಣ. ಆರೋಗ್ಯವಂತರ ಸಾಲಿನಲ್ಲಿ ಇಷ್ಟು ಎಚ್ಚರ ಬೇಕಾದರೆ, ವಾಂತಿ ಬರುವಂತಾಗಿ ಮಲಗಿರುವ ರೋಗಿಯ ಬಳಿ ಎಷ್ಟು ಬೇಕು! ಸಿಗರೇಟಿನ ವಾಸನೆಯೊಂದಿಗೆ ಬರುವವರಿಗೂ ಕಡು ಸುಗಂಧ ಪೂಸಿಕೊಂಡು ಬರುವವರಿಗೂ ಈ ಮಾತು ಅನ್ವಯಿಸುತ್ತದೆ.

1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಶವಪರೀಕ್ಷೆ ಮುಗಿಸಿ ಬರುವ ವೈದ್ಯರ ಕೈಗಳಿಂದಲೇ ಬಾಣಂತಿಯರು ಸಾಯುತ್ತಿದ್ದಾರೆಂದು ಕಂಡುಕೊಂಡರು. ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಲು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ಶೇ. 18ರಷ್ಟಿದ್ದ ಸಾವಿನ ಪ್ರಮಾಣ ಜೂನ್‌ನಲ್ಲಿ ಶೇ. 3ಕ್ಕಿಂತ ಕೆಳಗಿಳಿಯಿತು. ಆದರೂ ಅಂದಿನ ಅನೇಕ ವೈದ್ಯರು ಒಪ್ಪಲಿಲ್ಲ. ತಮ್ಮ ಕೈ ಅಶುದ್ಧವೆಂಬುದನ್ನು ಕೇಳಲು ಅವರ ಘನತೆ ಬಿಡಲಿಲ್ಲ. ಘನತೆಯ ಹೆಸರಿನಲ್ಲಿ ಎಷ್ಟು ತಾಯಂದಿರು ಪ್ರಾಣ ತೆತ್ತರೋ ಅಲ್ಲಾಹನೇ ಬಲ್ಲ. ಆದುದರಿಂದಲೇ ಕರಡಿನ ‘ಘನತೆ’ ಎಂಬ ಪದ ನಮ್ಮನ್ನು ಚುಚ್ಚುತ್ತದೆ. ಕೈ ತೊಳೆಯುವ ನಿಯಮ ವಾರ್ಡಿನ ಆಯಾಳಿಗೆ ಕಡ್ಡಾಯವಾಗಿ, ಹಿರಿಯ ತಜ್ಞರಿಗೆ ವಿನಾಯಿತಿಯಾಗಿ ಇರಕೂಡದು. ವೈದ್ಯರ ಬಿಳಿ ಕೋಟು ಸಹ ಪ್ರಶ್ನಾತೀತವಲ್ಲ. ಭಾರತದ ವೈದ್ಯರು ಅದನ್ನು ತೊಡುವುದನ್ನು ಬಿಡಬೇಕೆಂದು 2015ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ವಾದಿಸಿದವರು ಮಂಗಳೂರಿನ ಓರ್ವ ಯುವ ವೈದ್ಯರೇ. ಕೋಟು ಇರಲಿ ಎನ್ನುವವರು ಅದು ದಿನವೂ ಒಗೆದು ಬರಲಿ ಎಂಬುದನ್ನಾದರೂ ಒಪ್ಪಬೇಕು.

ಎರಡನೆಯದು ತೋಳು ಮತ್ತು ಗಡ್ಡ. ಇಲ್ಲಿ ಧರ್ಮ ಮತ್ತು ವೈದ್ಯಶಾಸ್ತ್ರಕ್ಕೆ ಜಗಳವಿದೆಯೆಂದು ಕೆಲವರು ಭಾವಿಸುತ್ತಾರೆ. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ 2008ರಿಂದ ಮೊಣಕೈ ಕೆಳಗೆ ಬಟ್ಟೆ, ಗಡಿಯಾರ, ಆಭರಣ ಯಾವುದೂ ಇರಬಾರದೆಂಬ ನಿಯಮ ಬಂದಾಗ ಕೆಲವು ಮುಸ್ಲಿಮ್ ವೈದ್ಯೆಯರಿಗೂ ವಿದ್ಯಾರ್ಥಿನಿಯರಿಗೂ ಕಷ್ಟವಾಯಿತು. ಅವರು ಸೋಂಕು ತಡೆಯನ್ನು ವಿರೋಧಿಸಲಿಲ್ಲ, ಸರಕಾರ ಅವರ ನಂಬಿಕೆಯನ್ನು ಹೀಯಾಳಿಸಲೂ ಇಲ್ಲ. ಮುಸ್ಲಿಮ್ ಪ್ರತಿನಿಧಿಗಳೊಂದಿಗೆ ಸಮಾಲೋಚಿಸಿದ ಬಳಿಕ 2010ರ ಮಾರ್ಗಸೂಚಿಯಲ್ಲಿ ದಾರಿ ಕಂಡುಕೊಳ್ಳಲಾಯಿತು. ರೋಗಿಯನ್ನು ಮುಟ್ಟದ ಸಮಯದಲ್ಲಿ ಉದ್ದ ತೋಳು ಇರಬಹುದು. ಕೈ ತೊಳೆಯುವಾಗಲೂ ಆರೈಕೆ ಮಾಡುವಾಗಲೂ ಅದನ್ನು ಮೇಲಕ್ಕೆ ಮಡಚಿ ಭದ್ರಪಡಿಸಬೇಕು. ಬೇಕಾದವರು ಒಮ್ಮೆ ಬಳಸಿ ಎಸೆಯುವ ತೋಳುಚೀಲ ಧರಿಸಬಹುದು. ಸಿಖ್ಖರ ಕಡಗದ ಬಗ್ಗೆಯೂ ಇಂತಹದೇ ಪರಿಹಾರ ನೀಡಲಾಯಿತು. 2020ರ ಕೊರೋನಾ ಕಾಲದಲ್ಲಿ ಗಡ್ಡವಿದ್ದವರಿಗೆ ಎನ್-95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರುತ್ತಿರಲಿಲ್ಲ. ಆಗ ಬ್ರಿಟನ್ನಿನ ಸಿಖ್ ವೈದ್ಯರು ಗಡ್ಡದ ಮೇಲೆ ರಬ್ಬರಿನ ಪಟ್ಟಿ ಕಟ್ಟಿ ಅದರ ಮೇಲೆ ಮಾಸ್ಕ್ ಧರಿಸುವ ವಿಧಾನವನ್ನು ಪರೀಕ್ಷಿಸಿ ಪ್ರಕಟಿಸಿದರು. ನಂಬಿಕೆಯುಳ್ಳವನು ರಿಯಾಯಿತಿ ಕೇಳಿ ಸುಮ್ಮನಿರಬಾರದು, ಪರಿಹಾರವನ್ನೂ ಹುಡುಕಬೇಕೆಂಬುದಕ್ಕೆ ಇದು ನಿದರ್ಶನ. ಹಾನಿಯನ್ನು ತಡೆಯುವುದು ಲಾಭ ಗಳಿಸುವುದಕ್ಕಿಂತ ಮೊದಲು ಎಂಬುದು ನಮ್ಮ ಫಿಕ್‌ಹ್‌ನ ಮೂಲತತ್ವಗಳಲ್ಲೊಂದು. ಯಾವ ದಾರಿಯೂ ಇಲ್ಲದಿದ್ದರೆ ರೋಗಿಯ ಜೀವಕ್ಕೇ ಆದ್ಯತೆ.

ಮೂರನೆಯದು ಶಿರವಸ್ತ್ರ. ಇಲ್ಲಿ ನಮ್ಮ ಮಾತು ಕೆಲವರಿಗೆ ಕಹಿಯಾಗಬಹುದು. ಸಿಬ್ಬಂದಿಯ ಎಲ್ಲ ಮಹಿಳೆಯರಿಗೂ ಶಿರವಸ್ತ್ರ ಕಡ್ಡಾಯ ಎಂದು ಕರಡು ಹೇಳುತ್ತದೆ. ಎಲ್ಲ ಎಂದರೆ ಹಿಂದೂ, ಕ್ರೈಸ್ತ ಸಹೋದರಿಯರಿಗೂ. 2022ರ ಫೆಬ್ರವರಿ 5ರಂದು ರಾಜ್ಯ ಸರಕಾರ ಶಾಲಾ ಕಾಲೇಜುಗಳ ಸಮವಸ್ತ್ರದ ಬಗ್ಗೆ ಹೊರಡಿಸಿದ ಆದೇಶವನ್ನು ನಾವು ಮರೆತಿಲ್ಲ. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ನೀಡಿದರು. ಆ ದಿನಗಳಲ್ಲಿ ಕಾಲೇಜಿನ ಗೇಟಿನ ಹೊರಗೆ ನಿಂತ ನಮ್ಮ ಹೆಣ್ಣುಮಕ್ಕಳ ಪರವಾಗಿ ನಾವು ಬರೆದೆವು, ಮಾತನಾಡಿದೆವು. ನಮ್ಮ ವಾದವೇನಿತ್ತು? ಹೆಣ್ಣಿನ ತಲೆಯ ಮೇಲಿನ ವಸ್ತ್ರ ಆಕೆಯ ಆತ್ಮಸಾಕ್ಷಿಯ ವಿಷಯ, ಅಧಿಕಾರದಲ್ಲಿರುವವರು ಅದನ್ನು ಬಲವಂತದಿಂದ ತೆಗೆಸಬಾರದು ಎಂಬುದಲ್ಲವೇ? ಬಲವಂತದಿಂದ ತೆಗೆಸುವುದು ತಪ್ಪಾದರೆ ಬಲವಂತದಿಂದ ಹೊದಿಸುವುದು ಹೇಗೆ ಸರಿಯಾದೀತು? ಅಲ್ಲಿ ಅಧಿಕಾರ ಅವರ ಕೈಯಲ್ಲಿತ್ತು, ಇಲ್ಲಿ ನಮ್ಮ ಕೈಯಲ್ಲಿದೆ. ನ್ಯಾಯದ ತಕ್ಕಡಿ ಎರಡಾಗಬಾರದು. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂದು ವೇದಿಕೆಗಳಲ್ಲಿ ಸಾರುವ ನಾವು ಹಾಜರಿ ಪುಸ್ತಕದಲ್ಲಿ ಅದನ್ನು ಮರೆಯಬಾರದು.

ಧರಿಸಬಯಸುವ ಸಹೋದರಿಗೆ ಸಂಪೂರ್ಣ ಅವಕಾಶವಿರಲಿ. ದಿನವೂ ಬದಲಿಸಲು ಒಗೆದ ವಸ್ತ್ರವನ್ನು ಆಸ್ಪತ್ರೆಯೇ ಒದಗಿಸಲಿ. ಅಂಚು ಜೋತಾಡದಂತೆ ಒಳಗೆ ಸೇರಿಸಿರಲಿ. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಂತೂ ಗಂಡು ಹೆಣ್ಣು ಎಲ್ಲರ ತಲೆಯೂ ಮುಚ್ಚಿರುತ್ತದೆ. ಧರಿಸದ ಮುಸ್ಲಿಮ್ ಸಹೋದರಿಗೆ ಪ್ರೀತಿಯಿಂದ ಉಪದೇಶಿಸುವ ಹಕ್ಕು ನಮಗಿದೆ, ಸಂಬಳ ಕಡಿತ ಮಾಡುವ ಹಕ್ಕಿಲ್ಲ. ಮುಖ ಮುಚ್ಚುವ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ವೈದ್ಯಕೀಯ ಮಾಸ್ಕ್ ಬೇಕಿಲ್ಲದ ಕಡೆ ರೋಗಿಗೆ ತನ್ನ ಆರೈಕೆ ಮಾಡುವವರ ಮುಖ ಕಾಣಬೇಕು. ಕಿವಿ ಮಂದವಾದ ವೃದ್ಧರು ತುಟಿಗಳನ್ನು ನೋಡಿಯೇ ಮಾತನ್ನು ಅರ್ಥಮಾಡಿಕೊಳ್ಳುತ್ತಾರೆ.

ನಾಲ್ಕನೆಯದು ಹೆಸರಿನ ಬಿಲ್ಲೆ. ಬ್ರಿಟನ್ನಿನಲ್ಲಿ ಕೇಟ್ ಗ್ರೇಂಜರ್ ಎಂಬ ವೈದ್ಯೆ ಸ್ವತಃ ಕ್ಯಾನ್ಸರ್ ರೋಗಿಯಾಗಿ ಮಲಗಿದಾಗ, ತಮ್ಮ ಬಳಿ ಬರುತ್ತಿದ್ದವರಲ್ಲಿ ಅನೇಕರು ಹೆಸರನ್ನೂ ಹೇಳದೆ ಕೆಲಸ ಮುಗಿಸಿ ಹೋಗುವುದನ್ನು ಗಮನಿಸಿದರು. 2013ರಲ್ಲಿ ಅವರು, ಸಿಬ್ಬಂದಿ ಮೊದಲು ತಮ್ಮ ಹೆಸರು ಹೇಳಿ ಪರಿಚಯಿಸಿಕೊಳ್ಳಬೇಕೆಂಬ ಅಭಿಯಾನ ಆರಂಭಿಸಿದರು. 2016ರಲ್ಲಿ ಅವರು ನಿಧನರಾದರು, ಅಭಿಯಾನ ಉಳಿಯಿತು. ನಮ್ಮ ಬಿಲ್ಲೆಗಳಲ್ಲಿ ಹೆಸರು ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಇರಲಿ. ಹಳ್ಳಿಯಿಂದ ಬಂದ ಅಜ್ಜಿ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಓದಲಾರಳು. ಗುತ್ತಿಗೆಯ ಸಿಬ್ಬಂದಿಗೂ ಬಿಲ್ಲೆ ಇರಲಿ, ಸ್ವಚ್ಛ ಸಮವಸ್ತ್ರವಿರಲಿ. ಅದರ ಖರ್ಚನ್ನು ಅವರ ಕೂಲಿಯಿಂದ ಮುರಿಯದಿರೋಣ.

ಸಹೋದರರೇ, ಆಸ್ಪತ್ರೆಗೂ ಒಂದು ಉಡುಪಿದೆ. ಅದು ಅದರ ಬಿಲ್ಲು, ಅದರ ಸರದಿ, ಅದರ ಬಾಗಿಲು. 2020ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಮೀರತ್‌ನ ಖಾಸಗಿ ಆಸ್ಪತ್ರೆಯೊಂದು, ಕೊರೋನಾ ಇಲ್ಲವೆಂಬ ಪರೀಕ್ಷಾ ವರದಿ ತರದ ಹೊಸ ಮುಸ್ಲಿಮ್ ರೋಗಿಗಳನ್ನು ಸೇರಿಸುವುದಿಲ್ಲವೆಂಬ ಅರ್ಥದ ಜಾಹೀರಾತು ನೀಡಿ, ಬಳಿಕ ಕ್ಷಮೆ ಯಾಚಿಸಿತು. ಆ ಅವಮಾನ ಉಂಡವರಾದ ನಾವು, ನಮ್ಮ ಬಾಗಿಲಲ್ಲಿ ಯಾರಿಗೂ ಅಂತಹ ಕಹಿ ಉಣಿಸಬಾರದು. ಟ್ರಸ್ಟಿಯ ಸಂಬಂಧಿ ಸರದಿ ಮೀರಿ ಒಳಹೋಗುವುದಾದರೆ ಗೋಡೆಯ ಮೇಲಿನ ಮೌಲ್ಯಗಳ ಫಲಕವನ್ನು ಇಳಿಸಿಬಿಡುವುದೇ ಪ್ರಾಮಾಣಿಕತೆ. ಬಾಕಿ ಹಣಕ್ಕಾಗಿ ಮೃತದೇಹವನ್ನು ತಡೆದಿಡಬಾರದೆಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಕಾನೂನು ಹೇಳುವ ಮೊದಲೇ, ಮಯ್ಯತ್‌ನ ದಫನದಲ್ಲಿ ವಿಳಂಬ ಬೇಡವೆಂಬ ಬೋಧನೆ ನಮಗೆ ಸಿಕ್ಕಿತ್ತು.

ಕೊನೆಯದಾಗಿ ಮೂರು ವಿನಂತಿಗಳು. ಕರಡಿನ ಪ್ರತಿಯೊಂದು ನಿಯಮದ ಮುಂದೆಯೂ, ಇದರಿಂದ ರೋಗಿಗೆ ಏನು ಉಪಯೋಗವೆಂದು ಒಂದು ವಾಕ್ಯ ಬರೆಯಿರಿ. ಬರೆಯಲಾಗದ ನಿಯಮವನ್ನು ಕೈಬಿಡಿ. ನಿಯಮಾವಳಿ ಟ್ರಸ್ಟಿಯಿಂದ ಕಸ ಗುಡಿಸುವವರವರೆಗೆ ಎಲ್ಲರಿಗೂ ಒಂದೇ ಆಗಿರಲಿ. ಮತ್ತು ಸಿಬ್ಬಂದಿಯ ಉಡುಪಿನ ಬಗ್ಗೆ ಬರೆದಿರುವ ಅಷ್ಟೂ ಪುಟಗಳ ಜೊತೆಗೆ ರೋಗಿಯ ಉಡುಪಿನ ಬಗ್ಗೆ ಒಂದು ಪುಟ ಸೇರಿಸಿ. ಹಿಂಬದಿ ಮುಚ್ಚುವ ನಿಲುವಂಗಿ, ಜಾರದ ಹೊದಿಕೆ, ಪರೀಕ್ಷಿಸುವಾಗ ಎಳೆಯಲು ಒಂದು ಪರದೆ ಇಷ್ಟು ಸಾಕು. ಹಯಾ ಎಂಬುದು ನೌಕರಿ ಮಾಡುವ ಹೆಣ್ಣಿನ ಮೇಲೆ ಹೊರಿಸುವ ಹೊರೆಯಾಗಿ ಮಾತ್ರ ಉಳಿಯದೆ, ಅಸಹಾಯಕಳಾಗಿ ಮಲಗಿರುವ ಹೆಣ್ಣಿಗೆ ನಾವು ಕೊಡುವ ರಕ್ಷಣೆಯೂ ಆಗಲಿ.

ರೋಗಿಯನ್ನು ಸಂದರ್ಶಿಸದವನನ್ನು ಪರಲೋಕದಲ್ಲಿ ಅಲ್ಲಾಹನು ಪ್ರಶ್ನಿಸುವನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ರೋಗಿಗಳೇ ನಮ್ಮ ಬಾಗಿಲಿಗೆ ಬಂದಿದ್ದಾರೆ. ಅವರು ನಮ್ಮ ಕೈಯಲ್ಲಿರುವ ಅಮಾನತ್. ಆ ಅಮಾನತ್‌ಗೆ ದ್ರೋಹ ಬಗೆಯದಂತೆ ಅಲ್ಲಾಹನು ನಮ್ಮೆಲ್ಲರನ್ನೂ ಅನುಗ್ರಹಿಸಲಿ. ಇಲ್ಲಿ ಮಲಗಿರುವ ಎಲ್ಲರಿಗೂ ಶಿಫಾ ನೀಡಲಿ. ಆಮೀನ್.